ಮೋಡ ಬರೆದ ಗುರಾಣಿ

ವಂಶಾವಳಿಯ ಪುಸ್ತಕಗಳನ್ನು ನಾನು ಸಾಮಾನ್ಯವಾಗಿ ಅನುಮಾನದಿಂದಲೇ ಕೈಗೆತ್ತಿಕೊಳ್ಳುತ್ತೇನೆ. ಬರೆಯುವವನಿಗೆ ಬೇಕಾದ ಮೂಲಪುರುಷ ಹೇಗೋ ಸಿಕ್ಕಿಯೇ ಸಿಗುತ್ತಾನೆ. ನಡುವಿನ ಆರೇಳು ತಲೆಮಾರು ಕಾಣೆಯಾಗಿದ್ದರೂ ತುದಿಯಲ್ಲಿ ಒಬ್ಬ ವೀರನೋ ಸಾಮಂತನೋ ಕುದುರೆಯೇರಿ ನಿಂತಿರುತ್ತಾನೆ. ರಾಬರ್ಟ್ ಲೂಯಿ ಸ್ಟೀವನ್‌ಸನ್ ತನ್ನ ಮನೆತನವನ್ನು ಕುರಿತು ಬರೆದ ‘ರೆಕಾರ್ಡ್ಸ್ ಆಫ್ ಎ ಫ್ಯಾಮಿಲಿ ಆಫ್ ಎಂಜಿನಿಯರ್ಸ್’ ಎಂಬ ಪುಸ್ತಕವನ್ನು ನಾನು ಮತ್ತೆ ಮತ್ತೆ ಓದುವುದಕ್ಕೆ ಕಾರಣವೆಂದರೆ, ಅದು ಈ ಆಸೆಗೆ ಬಿದ್ದೂ ಎದ್ದು ಬರುತ್ತದೆ. ಆದರೆ ಒಂದು ಕಡೆ ಏಳುವುದಿಲ್ಲ. ಆ ಮಾತನ್ನು ಕೊನೆಗೆ ಹೇಳುತ್ತೇನೆ.

ಸ್ಕಾಟ್ಲೆಂಡಿನಲ್ಲಿ ಮನೆತನದ ಮಾತು ಬಂದರೆ ಲಾಂಛನದ ಮಾತೂ ಬರಲೇಬೇಕು. ಪ್ರವಾಸಿಗರಿಗೆ ಅಂಗಡಿಗಳಲ್ಲಿ ಅಡ್ಡಹೆಸರಿಗೊಂದು ಲಾಂಛನವನ್ನು ಚೌಕಟ್ಟು ಹಾಕಿ ಮಾರುತ್ತಾರೆ. ಆದರೆ ಅಲ್ಲಿನ ಕಾನೂನು ಹೇಳುವುದೇ ಬೇರೆ. ಲಾಂಛನವು ಅಡ್ಡಹೆಸರಿಗೆ ಸೇರಿದ್ದಲ್ಲ, ಒಬ್ಬ ವ್ಯಕ್ತಿಗೆ ಸೇರಿದ್ದು. ಅವನ ನಂತರ ಅದು ಅವನ ವಾರಸುದಾರನಿಗೆ ಹೋಗುತ್ತದೆ. ಕಿರಿಯ ಮಕ್ಕಳು ಅದರಲ್ಲಿ ಒಂದಿಷ್ಟು ವ್ಯತ್ಯಾಸ ಮಾಡಿಸಿಕೊಂಡೇ ಧರಿಸಬೇಕು. ಇದನ್ನು ನೋಡಿಕೊಳ್ಳಲು ಎಡಿನ್‌ಬರೋದಲ್ಲಿ ಲಾರ್ಡ್ ಲಯನ್ ಎಂಬ ಅಧಿಕಾರಿಯ ನ್ಯಾಯಾಲಯವೇ ಇದೆ. 1672ರ ಕಾಯಿದೆಯಿಂದ ಶುರುವಾದ ಅದರ ದಾಖಲೆ ಪುಸ್ತಕ ಇಂದಿಗೂ ನಡೆಯುತ್ತಿದೆ. ಅಂದರೆ ಅಂಗಡಿಯಲ್ಲಿ ಕೊಂಡು ಗೋಡೆಗೆ ತೂಗುಹಾಕುವ ಲಾಂಛನ ಸಾಮಾನ್ಯವಾಗಿ ಬೇರೆ ಯಾರದೋ ಸೊತ್ತು.

ಈ ಹುಚ್ಚಿಗೆ ದೊಡ್ಡವರೂ ಹೊರತಲ್ಲ. ಕಾದಂಬರಿಕಾರ ವಾಲ್ಟರ್ ಸ್ಕಾಟ್ ಟ್ವೀಡ್ ನದಿಯ ದಂಡೆಯಲ್ಲಿ ಅಬಟ್ಸ್‌ಫರ್ಡ್ ಎಂಬ ಮನೆ ಕಟ್ಟಿಸಿ, ಅದರ ಹಜಾರದ ಮೇಲ್ಛಾವಣಿಯಲ್ಲಿ ತನ್ನ ಹದಿನಾರು ಪೂರ್ವಜರ ಗುರಾಣಿಗಳನ್ನು ಬರೆಸಲು ಹೊರಟ. ತಾಯಿಯ ಕಡೆಯ ಕೆಲವರ ಗುರುತು ಸಿಗಲಿಲ್ಲ. ಇತಿಹಾಸವನ್ನು ಕಲ್ಪಿಸಿ ಬರೆಯುವುದರಲ್ಲಿ ಯುರೋಪಿಗೇ ಗುರುವಾಗಿದ್ದವನು ಅವನು. ಇನ್ನೊಂದೆರಡು ಲಾಂಛನ ಕಲ್ಪಿಸಿಕೊಳ್ಳುವುದು ಕಷ್ಟವಿರಲಿಲ್ಲ. ಆದರೂ ಅವನು ಆ ಗುರಾಣಿಗಳಲ್ಲಿ ಮೋಡಗಳನ್ನು ಬರೆಸಿ, ದಟ್ಟ ಇರುಳು ಮುಚ್ಚಿದೆ ಎಂಬರ್ಥದ ಲ್ಯಾಟಿನ್ ಮಾತೊಂದನ್ನು ಸೇರಿಸಿದ. ಸ್ಕಾಟನ ಡಂಬವನ್ನು ಆಡಿಕೊಳ್ಳುವವರಿಗೆ ನಾನು ಈ ಮೋಡಗಳನ್ನು ತೋರಿಸುತ್ತೇನೆ. ವಂಶ ಹುಡುಕುವವನ ಯೋಗ್ಯತೆ ಅವನು ಏನನ್ನು ಕಂಡುಹಿಡಿದ ಎಂಬುದರಲ್ಲಿರುವಷ್ಟೇ, ಎಲ್ಲಿ ಮೋಡ ಬರೆದ ಎಂಬುದರಲ್ಲೂ ಇದೆ.

ಸ್ಟೀವನ್‌ಸನ್ ತನ್ನ ಪುಸ್ತಕ ಬರೆದದ್ದು 1890ರ ದಶಕದ ಮೊದಲ ವರ್ಷಗಳಲ್ಲಿ, ದೂರದ ಸಮೋವಾ ದ್ವೀಪದಲ್ಲಿ ಕುಳಿತು. ರೋಗಿಷ್ಠ ದೇಹ, ಊರಿಗೆ ಮರಳುವ ಆಸೆ ಬತ್ತಿತ್ತು. ಸ್ಕಾಟ್ಲೆಂಡಿನಲ್ಲಿದ್ದವರಿಗೆ ಪತ್ರ ಬರೆದು ಹಳೆಯ ಕಡತಗಳನ್ನು ಹುಡುಕಿಸುತ್ತಿದ್ದ. ಅವನ ಒಳಗಿನ ಆಸೆ ತಾನು ಮ್ಯಾಕ್‌ಗ್ರೆಗರ್ ಕುಲದವನಾಗಿರಬೇಕೆಂಬುದು. ಆ ಕುಲದ ಹೆಸರನ್ನೇ ಸರ್ಕಾರ 1603ರಲ್ಲಿ ನಿಷೇಧಿಸಿತ್ತು. ನಿಷೇಧ ಕೊನೆಯದಾಗಿ ರದ್ದಾದದ್ದು 1774ರಲ್ಲಿ. ಆ ನಡುವೆ ಆ ಕುಲದವರು ಬೇರೆ ಬೇರೆ ಹೆಸರುಗಳ ಮರೆಯಲ್ಲಿ ಬದುಕಿದರು. ಹಾಗಾಗಿ ಯಾವ ಬಡ ಹೆಸರಿನ ಹಿಂದೆಯೂ ಒಬ್ಬ ಮ್ಯಾಕ್‌ಗ್ರೆಗರ್ ಅಡಗಿರಬಹುದೆಂದು ಕನಸು ಕಾಣಲು ಅವಕಾಶವಿತ್ತು. ಕಾರ್ಡಿನಲ್ ಬೀಟನ್ನನ ಸೇವೆಗೆಂದು ಬಂದ ಫ್ರೆಂಚ್ ವೈದ್ಯನೊಬ್ಬನ ಕತೆಯೂ ಮನೆಯಲ್ಲಿ ಇತ್ತು.

ಇವನ್ನೆಲ್ಲ ಮುಗುಳ್ನಗುತ್ತ ಹೇಳಿ, ಅವನು ಕೈಬಿಡುತ್ತಾನೆ. ಅವನಿಗೆ ಸಿಕ್ಕುವ ನಿಜವಾದ ಮೂಲಪುರುಷ ರೆನ್‌ಫ್ರೂ ಪ್ರಾಂತದ ನೀಲ್‌ಸ್ಟನ್ ಪ್ಯಾರಿಷ್ಷಿನ ಒಬ್ಬ ಜೇಮ್ಸ್. ಬಹುಶಃ ಗೇಣಿ ರೈತ. ಅವನ ಮಗ 1675ರಲ್ಲಿ ಹುಟ್ಟಿದ ರಾಬರ್ಟ್, ಗ್ಲಾಸ್ಗೋದಲ್ಲಿ ಬಾರ್ಲಿ ಮೊಳಕೆ ಬರಿಸಿ ಮಾಲ್ಟ್ ಮಾಡುತ್ತಿದ್ದಿರಬಹುದು. ಅವನ ಮಗನಂತೂ ಖಂಡಿತವಾಗಿ ಅದನ್ನೇ ಮಾಡುತ್ತಿದ್ದ. ಇಲ್ಲಿ ಲೇಖಕ ‘ಬಹುಶಃ’, ‘ಇರಬಹುದು’, ‘ಖಂಡಿತ’ ಎಂಬ ಪದಗಳನ್ನು ಅಕ್ಕಸಾಲಿಗನ ತಕ್ಕಡಿಯಲ್ಲಿಟ್ಟಂತೆ ತೂಗಿ ಬಳಸುವುದನ್ನು ಗಮನಿಸಬೇಕು. ಸಾಹಸದ ಕತೆಗಾರನೆಂದು ಲೋಕ ಕೊಂಡಾಡಿದವನು ತನ್ನ ಅಜ್ಜಂದಿರ ವಿಷಯದಲ್ಲಿ ಗುಮಾಸ್ತನ ಪ್ರಾಮಾಣಿಕತೆ ತೋರುತ್ತಾನೆ.

ಈ ವಿನಯ ಅವನಿಗೆ ತಟ್ಟನೆ ಬಂದದ್ದಲ್ಲ. 1886ರ ‘ಕಿಡ್‌ನ್ಯಾಪ್ಡ್’ ಕಾದಂಬರಿಯಲ್ಲೊಂದು ಪ್ರಸಂಗವಿದೆ. ಕಾಯಿಲೆ ಮಲಗಿದ ಹುಡುಗ ಡೇವಿಡ್ ಬಾಲ್ಫರ್‌ನನ್ನು ನೋಡಲು ರಾಬ್ ರಾಯ್‌ನ ಮಗ ರಾಬಿನ್ ಓಯಿಗ್ ಬರುತ್ತಾನೆ. ತನ್ನವರಿಗೆ ಉಪಕಾರ ಮಾಡಿದ ಒಬ್ಬ ಬಾಲ್ಫರ್ ಇದ್ದ, ನೀನು ಅವನ ಕಡೆಯವನೇ ಎಂದು ಕೇಳುತ್ತಾನೆ. ಹುಡುಗನಿಗೆ ತನ್ನ ವಂಶದ ವಿಚಾರ ಏನೂ ಗೊತ್ತಿಲ್ಲ. ರಾಬಿನ್ ಬೆನ್ನು ತಿರುಗಿಸಿ ಹೋಗುತ್ತಾನೆ. ಆ ಹುಡುಗನ ಅವಮಾನ ನಮಗೆ ತಟ್ಟುವಂತೆ ಬರೆದವನು, ಬೆನ್ನು ತಿರುಗಿಸಿದವನು ಗಲ್ಲುಗಂಬದ ನೆರಳಿನಲ್ಲಿ ಓಡಾಡುವ ತಲೆಮರೆಸಿಕೊಂಡವನೆಂಬುದನ್ನೂ ನಮಗೆ ಮರೆಯಗೊಡುವುದಿಲ್ಲ.

ಪುಸ್ತಕದ ತಿರುಳು ಇರುವುದು ಲೇಖಕನ ಅಜ್ಜ ರಾಬರ್ಟ್ ಸ್ಟೀವನ್‌ಸನ್‌ನ ಕತೆಯಲ್ಲಿ. 1772ರಲ್ಲಿ ಹುಟ್ಟಿದ ಆ ಮಗುವಿಗೆ ಎರಡು ವರ್ಷ ತುಂಬುವ ಹೊತ್ತಿಗೆ ತಂದೆ ಇಲ್ಲವಾದ. ತಾಯಿ ಮುಂದೆ ಎಡಿನ್‌ಬರೋದ ದೀಪ ತಯಾರಕ ಥಾಮಸ್ ಸ್ಮಿತ್‌ನನ್ನು ಮದುವೆಯಾದಳು. 1786ರಲ್ಲಿ ಸ್ಥಾಪನೆಯಾದ ದೀಪಸ್ತಂಭಗಳ ಮಂಡಳಿಗೆ ಅವನೇ ಎಂಜಿನಿಯರ್. ರಾಬರ್ಟ್ ಅವನಿಂದ ಕೆಲಸ ಕಲಿತ, ಅವನ ಮಗಳನ್ನೇ ಮದುವೆಯಾದ. ಹೆಚ್ಚಿನ ಉಬ್ಬರದಲ್ಲಿ ನೀರಿನಡಿ ಮುಳುಗಿಹೋಗುವ ಬೆಲ್ ರಾಕ್ ಬಂಡೆಯ ಮೇಲೆ, ನೀರು ಇಳಿದ ಹೊತ್ತು ನೋಡಿಕೊಂಡು ಕೆಲಸ ಮಾಡಿಸಿ ಕಟ್ಟಿದ ದೀಪಸ್ತಂಭ 1811ರ ಫೆಬ್ರವರಿ 1ರಂದು ಬೆಳಗಿತು. ಅಲ್ಲಿಂದ ಮಕ್ಕಳು ಮೊಮ್ಮಕ್ಕಳು ಸ್ಕಾಟ್ಲೆಂಡಿನ ಕರಾವಳಿಯುದ್ದಕ್ಕೂ ದೀಪ ಹಚ್ಚಿದರು. ಮನೆತನದ ಕೀರ್ತಿಯೆಲ್ಲ ಬಂದದ್ದು ಮಲತಂದೆಯ ಕಸುಬಿನಿಂದ. ರಕ್ತದ ಗೆರೆ ಹಿಡಿದು ಹೊರಟವನಿಗೆ ಈ ಸಂಗತಿ ಕೈತಪ್ಪುತ್ತದೆ. ಎಂಜಿನಿಯರ್ ಆಗಲೊಲ್ಲದೆ ತಂದೆಯನ್ನು ನೋಯಿಸಿದ್ದ ಲೇಖಕ, ಸಮೋವಾದಲ್ಲಿ ಕುಳಿತು ಈ ಕಸುಬಿಗೆ ಸಾಲ ತೀರಿಸಿದಂತೆ ಬರೆಯುತ್ತಾನೆ. ಬೆಲ್ ರಾಕ್ ಭಾಗದಲ್ಲಂತೂ ಬಹುಪಾಲು ಅಜ್ಜನ ಬರಹವನ್ನೇ ಮುಂದಿಟ್ಟು ತಾನು ಹಿಂದೆ ಸರಿಯುತ್ತಾನೆ. ಕೃತಿ ಅಲ್ಲಿಗೇ ನಿಂತಿತು; 1894ರಲ್ಲಿ ಅವನು ತೀರಿಕೊಂಡ.

ಇನ್ನು ನನ್ನ ತಕರಾರು. ಆ ಎರಡು ವರ್ಷದ ಮಗುವಿನ ತಂದೆ ಆಲನ್, ಅವನ ಅಣ್ಣ ಹ್ಯೂ ಇಬ್ಬರೂ ವೆಸ್ಟ್ ಇಂಡೀಸ್ ವ್ಯಾಪಾರದಲ್ಲಿದ್ದವರು. ಮೋಸ ಮಾಡಿದ ಏಜೆಂಟನನ್ನು ತೆರೆದ ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಬೆನ್ನಟ್ಟಿ, ಜ್ವರ ಹತ್ತಿ 1774ರಲ್ಲಿ ಒಬ್ಬ ಟೊಬೇಗೊದಲ್ಲಿ, ಇನ್ನೊಬ್ಬ ಸೇಂಟ್ ಕಿಟ್ಸ್‌ನಲ್ಲಿ ಸತ್ತರು. ಸ್ಟೀವನ್‌ಸನ್ ಇದನ್ನು ಬಾಲ್ಯದಲ್ಲಿ ಕೇಳಿದ ಸಾಹಸದ ಕತೆಯಾಗಿಯೇ ಹೇಳುತ್ತಾನೆ. ಆ ದ್ವೀಪಗಳ ವ್ಯಾಪಾರವೆಂದರೆ ಸಕ್ಕರೆ, ಸಕ್ಕರೆಯೆಂದರೆ ಆಫ್ರಿಕದಿಂದ ಸಾಗಿಸಿ ತಂದ ಗುಲಾಮರ ಬೆವರು. ಆ ಪ್ರಶ್ನೆಯ ಮುಂದೆ ಅವನು ಒಂದು ಗಳಿಗೆಯೂ ನಿಲ್ಲುವುದಿಲ್ಲ. ಗೇಣಿ ರೈತನ ವಿಷಯದಲ್ಲಿ ಅಷ್ಟು ಸೂಕ್ಷ್ಮವಾಗಿ ತೂಗಿದ ತಕ್ಕಡಿಯನ್ನು ಇಲ್ಲಿ ಹೊರಗೆ ತೆಗೆಯುವುದೇ ಇಲ್ಲ.

ಇದು ಸಣ್ಣ ಲೋಪವಲ್ಲ. ಕ್ಯಾಂಬೆಲ್‌ನಂಥ ಸ್ಕಾಟಿಷ್ ಅಡ್ಡಹೆಸರುಗಳು ಇಂದು ಜಮೈಕಾದಲ್ಲಿ ತೀರ ಸಾಮಾನ್ಯ. ಎಷ್ಟೋ ಮಂದಿಗೆ ಅವು ಒಡೆಯರಿಂದ ಬಂದ ಹೆಸರುಗಳು. ಅವರು ತಮ್ಮ ವಂಶ ಹುಡುಕುತ್ತ ಹೋದರೆ ಬಹಳಷ್ಟು ಸಲ 1817ರ ಸುಮಾರಿಗೆ ಶುರುವಾದ ಗುಲಾಮರ ಪಟ್ಟಿಗೆ ಬಂದು ನಿಲ್ಲುತ್ತಾರೆ. ಅಲ್ಲಿ ಮನುಷ್ಯರು ಒಡೆಯನ ಆಸ್ತಿಯ ಲೆಕ್ಕದಲ್ಲಿ ಒಂದೊಂದು ಸಾಲು. ಅದರಾಚೆಗೆ ಪ್ಯಾರಿಷ್ ದಾಖಲೆಯಿಲ್ಲ, ಮದುವೆಯ ನಮೂದಿಲ್ಲ. ಸ್ಕಾಟನ ಮನೆಯ ಕೆಲವು ಗುರಾಣಿಗಳ ಮೇಲಿದ್ದ ಮೋಡ ಇವರ ಮನೆಯ ಛಾವಣಿಯನ್ನು ಪೂರ್ತಿ ಕವಿದಿದೆ.

ಹೀಗಿದ್ದೂ ಈ ಪುಸ್ತಕವನ್ನು ಓದಬೇಕೆಂದೇ ನಾನು ಹೇಳುತ್ತೇನೆ. ವಂಶ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ‘ಬಹುಶಃ’ ಎಂದು ಬರೆಯುವ ಧೈರ್ಯವನ್ನು ಸ್ಟೀವನ್‌ಸನ್‌ನಿಂದ ಕಲಿಯಬಹುದು. ಆಲನ್ ಮತ್ತು ಹ್ಯೂ ದೋಣಿ ಹತ್ತುವ ಪುಟ ಬಂದಾಗ ಮಾತ್ರ ಪುಸ್ತಕವನ್ನು ಸ್ವಲ್ಪ ಹೊತ್ತು ಮಡಿಚಿಟ್ಟು, ದಡದ ಮೇಲೆ ಆಗ ಯಾರು ಯಾರು ಕಬ್ಬು ಕಡಿಯುತ್ತಿದ್ದರೆಂದು ಯೋಚಿಸಿ ಮುಂದೆ ಓದುವುದು ಒಳ್ಳೆಯದು.