ಕೋಟೆಯ ಮಾತಾಯ್ತು, ಕೆನಾಲಿನ ಮಾತು ಯಾವಾಗ?

ನಮ್ಮ ಭಾಗದಾಗ ಪರಂಪರೆ ಅಂತ ಒಂದು ಕಾರ್ಯಕ್ರಮ ಇಟ್ಟರೆ ಅಲ್ಲಿ ಏನೇನು ಇರುತ್ತದೆ ಅಂತ ಹೋಗುವ ಮೊದಲೇ ಹೇಳಬಹುದು. ಯಾದಗಿರಿ ಕೋಟೆಯ ಫೋಟೊ, ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಫೋಟೊ, ಸುರಪುರದ ರಾಜಾ ವೆಂಕಟಪ್ಪ ನಾಯಕರ ಚಿತ್ರಕ್ಕೆ ಒಂದು ಹಾರ, ಆಮೇಲೆ 1858ರ ಬಗ್ಗೆ ಭಾಷಣ. ಇವು ಬೇಡ ಅಂತ ನಾನು ಹೇಳುತ್ತಿಲ್ಲ. ವೆಂಕಟಪ್ಪ ನಾಯಕರ ಹೆಸರು ಕೇಳಿದರೆ ನನಗೂ ಮೈ ಜುಮ್ಮಂತದ. ಆದರೆ ಭಾಷಣ ಮುಗಿದು ಊರ ಹೊರಗೆ ಬಂದರೆ ಕಣ್ಣಿಗೆ ಬೀಳೋದು ಕೆನಾಲು. ಅದರ ಮಾತು ವೇದಿಕೆ ಮೇಲೆ ಒಂದು ಸಲನೂ ಬಂದಿರುವುದಿಲ್ಲ.

ಕೆನಾಲು ನಿನ್ನೆ ಮೊನ್ನೆಯದಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಗೆ ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರ ಮೇ 22ಕ್ಕೆ. ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದದ್ದು 1982ರಲ್ಲಿ. ಅಲ್ಲಿಂದ ಹೊರಟ 78 ಕಿಲೋಮೀಟರ್ ಎಡದಂಡೆ ಕಾಲುವೆ, ಅದರ ಶಹಾಪುರ ಶಾಖಾ ಕಾಲುವೆ, ಅದರ ಕೈಕಾಲುಗಳಂಥ ಲ್ಯಾಟರಲ್‌ಗಳು ಜೋಳ ತೊಗರಿಯ ಈ ಸೀಮೆಯನ್ನು ಹತ್ತಿ ಭತ್ತದ ಸೀಮೆ ಮಾಡಿದವು. ಹಿಂಗಾರಿ ಬೆಳೆ ನಂಬಿದ್ದ ಮನೆಗಳಲ್ಲಿ ನೀರು ಬಿಡುವ ತಾರೀಖು ಹಬ್ಬದ ತಾರೀಖಿನಷ್ಟೇ ಮುಖ್ಯ ಆಯ್ತು. ಭೀಮರಾಯನಗುಡಿಯಲ್ಲಿ ಕೆನಾಲಿನ ಆಫೀಸು, ಕ್ವಾರ್ಟರ್ಸು ಎದ್ದವು. ಕೋಟೆ ಕಟ್ಟಿದ ಯಾವ ಅರಸನೂ ಈ ನೆಲವನ್ನು ಇಷ್ಟು ಬದಲು ಮಾಡಿರಲಿಲ್ಲ.

ಸುರಪುರದ ಇತಿಹಾಸ ಅಂದಕೂಡಲೇ ಎಲ್ಲರೂ ಕೈ ಹಾಕುವ ಪುಸ್ತಕ ಒಂದದ. 1877ರಲ್ಲಿ ಬಂದ ಫಿಲಿಪ್ ಮೆಡೋಸ್ ಟೇಲರ್ ಸಾಹೇಬನ ಆತ್ಮಕತೆ, ‘ದಿ ಸ್ಟೋರಿ ಆಫ್ ಮೈ ಲೈಫ್’. 1841ರಿಂದ 1853ರವರೆಗೆ ಸುರಪುರದಲ್ಲಿ ಇದ್ದು ಸಂಸ್ಥಾನ ನೋಡಿಕೊಂಡವನು. ಬಾಲಕ ರಾಜ ಅವನನ್ನು ‘ಅಪ್ಪಾ’ ಅಂತ ಕರೆಯುತ್ತಿದ್ದದ್ದು, ಕೊನೆಗೆ ಸೆರೆಯಲ್ಲಿದ್ದ ರಾಜನನ್ನು ಅವನು ಹೋಗಿ ಕಂಡದ್ದು, ಇಷ್ಟನ್ನೇ ನಾವು ಆ ಪುಸ್ತಕದಿಂದ ಎತ್ತಿಕೊಂಡು ಬರುತ್ತೇವೆ. ಅದೇ ಸಾಹೇಬ ಕೆರೆಗಳ ಬಗ್ಗೆ, ಹೊಲಗಳ ಬಗ್ಗೆ, ಕಂದಾಯದ ಬಗ್ಗೆ ಬರೆದ ಪುಟಗಳನ್ನು ದಾಟಿ ಹೋಗುತ್ತೇವೆ. ಹಳೆಯ ಕೆರೆಗೆ ನೀರು ನಿಂತರೆ ಊರು ನಿಲ್ಲುತ್ತದೆ ಅನ್ನೋದು ಅವನಿಗೆ ಗೊತ್ತಿತ್ತು. ಸುರಪುರದ ಅರಸರ ಕಾಲದ ಬೋನಾಳ ಕೆರೆ ಇವತ್ತು ಪಕ್ಷಿಧಾಮ. ನಾವು ಅಲ್ಲಿಗೆ ಹೋಗಿ ಹಕ್ಕಿ ನೋಡಿ ಬರುತ್ತೇವೆ. ಕೆರೆ ಯಾಕೆ ಕಟ್ಟಿದರು, ಅದರ ನೀರು ಯಾರ ಹೊಲಕ್ಕೆ ಹೋಗುತ್ತಿತ್ತು ಅಂತ ಕೇಳೋದಿಲ್ಲ.

ಟೇಲರ್ ಇನ್ನೊಂದು ಕೆಲಸ ಮಾಡಿದ. ಈ ದೋಆಬದ ಕಲ್ಗೋರಿಗಳನ್ನು, ಶಹಾಪುರದ ಹತ್ತಿರ ವಿಭೂತಿಹಳ್ಳಿಯ ಹೊಲದಲ್ಲಿ ಸಾಲು ಸಾಲಾಗಿ ಇಟ್ಟ ಗುಂಡುಗಳನ್ನು ಅಳೆದು ಬರೆದಿಟ್ಟ. ಅದಕ್ಕೆ ಅವನಿಗೆ ಋಣಿ ಇರಬೇಕು. ಆದರೆ ಇವು ಯಾರು ಇಟ್ಟ ಕಲ್ಲು ಅಂತ ಯೋಚಿಸುವಾಗ ಅವನ ಮನಸ್ಸು ಯುರೋಪಿಗೆ ಓಡಿತು. ಸೆಲ್ಟಿಕ್, ಡ್ರುಯಿಡ್, ಸಿಥಿಯನ್ ಅಂತ ಹೆಸರು ಕೊಟ್ಟ. ಕಲ್ಲಿನ ಪಕ್ಕದಲ್ಲೇ ಗಳೇ ಹೊಡೆಯುತ್ತಿದ್ದವನ ಹಿರಿಯರಿಗೂ ಈ ಕಲ್ಲಿಗೂ ಏನಾದರೂ ಸಂಬಂಧ ಇರಬಹುದು ಅನ್ನೋದು ಅವನ ತಲೆಯಲ್ಲಿ ಮುಂದೆ ಬರಲಿಲ್ಲ. ನಾವು ಬೇರೆ ಥರ ತಪ್ಪು ಮಾಡುತ್ತಿದ್ದೇವೆ. ಅವನು ಕಲ್ಲು ನೋಡಿ ಜನರನ್ನು ಬಿಟ್ಟ. ನಾವು ರಾಜನನ್ನು ನೋಡಿ ಕಲ್ಲನ್ನೂ ಬಿಟ್ಟೆವು, ನೀರನ್ನೂ ಬಿಟ್ಟೆವು.

ಈ ನೆಲವನ್ನು ಬೇರೆ ರೀತಿ ಓದಿದವರು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು. ಹುಣಸಗಿ, ಬೈಚಬಾಳ ಕಣಿವೆಗಳನ್ನು ದಶಕಗಟ್ಟಲೆ ಕಾಲ್ನಡಿಗೆಯಲ್ಲಿ ಅಲೆದವರು. ಅವರ ಕೆಲಸದಿಂದ ಇಸಾಂಪುರ ಅನ್ನುವ ಸಣ್ಣ ಊರು ಜಗತ್ತಿನ ಪುಸ್ತಕಗಳಲ್ಲಿ ಸೇರಿತು. ನಾವು ಮನೆಗೆ ಹಾಸುವ ಫರಸಿಯ ಬಳಗದ ಸುಣ್ಣಕಲ್ಲಿನಲ್ಲಿ ಆದಿಮಾನವರು ಕೈಗೊಡಲಿ ಮಾಡುತ್ತಿದ್ದ ಜಾಗ ಅದು. ಸುಮಾರು 12 ಲಕ್ಷ ವರ್ಷದ ಹಿಂದಿನದು ಅಂತ ಲೆಕ್ಕ ಹಾಕ್ಯಾರ. ಆ ಜಾಗ ಕಣ್ಣಿಗೆ ಬಿದ್ದದ್ದು ಹೆಂಗ ಅಂದರೆ, ನೀರಾವರಿ ಕೆಲಸಕ್ಕಂತ ಮೇಲಿನ ಮಣ್ಣು ತೆಗೆದಾಗ. ಕೆನಾಲಿನ ಕೆಲಸ ನಡೆಯದಿದ್ದರೆ ಇಸಾಂಪುರ ಕರಿಮಣ್ಣಿನ ಕೆಳಗೇ ಇರುತ್ತಿತ್ತೇನೋ. ಅದೇ ಥರ ಮಣ್ಣು ತೆಗೆದ ಬೇರೆ ಜಾಗಗಳಲ್ಲಿ ನೋಡುವ ಕಣ್ಣು ಇರಲಿಲ್ಲ. ಅಲ್ಲಿ ಏನಿತ್ತು ಅಂತ ಇನ್ನು ಯಾರಿಗೂ ತಿಳಿಯೋದಿಲ್ಲ.

ಬೂದಿಹಾಳದ ಬೂದಿದಿಬ್ಬವೂ ಹಂಗೇ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ದನ ಸಾಕಿದ ಜನ ಸಗಣಿ ಗುಡ್ಡೆ ಹಾಕಿ ಸುಟ್ಟ ಬೂದಿ ಅದು. ಪದ್ದಯ್ಯನವರು ಅಗೆದಾಗ ಅಲ್ಲಿ ಮನೆಯ ಗುರುತುಗಳು, ದನ ಕೊಯ್ದ ಜಾಗ, ಮಕ್ಕಳ ಸಮಾಧಿಗಳು ಸಿಕ್ಕವು. ಊರಿನ ಹೆಸರೇ ಬೂದಿಯನ್ನು ನೆನಪು ಇಟ್ಟುಕೊಂಡಿದೆ. ಕೊಡೇಕಲ್ ಕಡೆಯ ಹಣಮಸಾಗರದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಗುಂಡುಕಲ್ಲುಗಳ ಸಾಲು ಅದ. ಒಣ ಬೇಸಾಯದ ಕಾಲದಲ್ಲಿ ಇಂಥ ಕಲ್ಲು ಹೊಲದಲ್ಲಿದ್ದರೂ ನಡೀತಿತ್ತು. ನೀರು ಬಂದಮೇಲೆ ಒಂದೊಂದು ಗೇಣು ಭೂಮಿಗೂ ಬೆಲೆ ಬಂತು. ಕಲ್ಲು ಸರಿಸಬಾರದಿತ್ತಲ್ಲ ಅಂತ ಒಬ್ಬ ಹಿರಿಯ ರೈತರ ಹತ್ತಿರ ಅಂದೆ. “ನೀವು ನೋಡಿ ಫೋಟೊ ತಗೊಂಡು ಹೋಗ್ತೀರಿ ಸರ. ನಾ ಟ್ರ್ಯಾಕ್ಟರ್ ಎಲ್ಲಿಂದ ಹೊಡೀಬೇಕ್ರಿ? ಇದು ಏನಂತ ನಮಗ ಒಬ್ರರ ಬಂದು ಹೇಳ್ಯಾರೇನು?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ತಪ್ಪು ಅವರದಲ್ಲ, ಹೇಳಬೇಕಾದವರದು. ಆ ಲೆಕ್ಕದಾಗ ಬರೆಯುವ ನಾವೂ ಬರ್ತೀವಿ.

2023ರ ಜನವರಿ 19ಕ್ಕೆ ಕೊಡೇಕಲ್‌ನಲ್ಲಿ ದೊಡ್ಡ ಸಮಾರಂಭ ಆಯ್ತು. ನವೀಕರಿಸಿದ ಎಡದಂಡೆ ಕಾಲುವೆಯನ್ನು ಪ್ರಧಾನಿಯವರು ಉದ್ಘಾಟಿಸಿದರು. ಖರ್ಚು ಸುಮಾರು 4,700 ಕೋಟಿ, 10,000 ಕ್ಯುಸೆಕ್ ನೀರು, 4.5 ಲಕ್ಷ ಹೆಕ್ಟೇರ್ ಅಂತ ಲೆಕ್ಕ ಕೊಟ್ಟರು. ಟೇಲ್‌ಎಂಡಿನ ರೈತನಿಗೆ ನೀರು ಮುಟ್ಟಿದರೆ ಅದಕ್ಕಿಂತ ಸಂತೋಷ ಬೇರೆ ಇಲ್ಲ. ಆದರೆ ಕೊಡೇಕಲ್ ಅಂದರೆ ಕೊಡೇಕಲ್ ಬಸವಣ್ಣನವರ ಗದ್ದುಗೆ ಇರುವ ಊರು. ಇದೇ ಸೀಮೆಯಲ್ಲಿ ದೇವರ ದಾಸಿಮಯ್ಯನ ಮುದನೂರು, ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ತಿಂಥಣಿ ಮೌನೇಶ್ವರ. ಇಷ್ಟು ಕೋಟಿಯ ಕೆಲಸದ ಪಕ್ಕದಲ್ಲಿ, ಕಾಲುವೆ ಯಾವ ಯಾವ ಹಳೆಯ ಜಾಗಗಳನ್ನು ಹಾದು ಹೋಗುತ್ತದೆ ಅಂತ ಹೇಳುವ ಒಂದು ನಕ್ಷೆಯೂ ಊರವರ ಕೈಗೆ ಸಿಗಲಿಲ್ಲ.

ಪರಂಪರೆ ಉಳಿಸೋದು ಅಂದರೆ ಕೆನಾಲು ನಿಲ್ಲಿಸೋದು ಅಂತ ಕೆಲವರು ತಿಳಿಯುತ್ತಾರೆ. ನಾನು ಹೇಳೋದು ಕೆನಾಲನ್ನೂ ಪರಂಪರೆಯ ಪಟ್ಟಿಯೊಳಗೆ ತರಬೇಕು ಅಂತ. ಅದನ್ನು ಅಗೆದವರು, ತಲೆ ಮೇಲೆ ಮಣ್ಣಿನ ಬುಟ್ಟಿ ಹೊತ್ತ ಹೆಣ್ಣುಮಕ್ಕಳು, ಭೂಮಿ ಕೊಟ್ಟು ಕಚೇರಿ ಅಲೆದವರು, ಮೊದಲ ನೀರಿಗೆ ಕಾಯಿ ಒಡೆದವರು ಇನ್ನೂ ಕೆಲವರು ಇದ್ದಾರೆ. ಅವರಿಗೆ ಈಗ ಎಪ್ಪತ್ತು ಎಂಬತ್ತು ವಯಸ್ಸು. ಅವರ ಮಾತು ಯಾರೂ ಬರೆದಿಟ್ಟುಕೊಂಡಿಲ್ಲ ಅಂದರೆ, ಮುಂದಿನವರು ಕೆನಾಲು ತಾನಾಗೇ ಹುಟ್ಟಿತು ಅಂತ ತಿಳಿಯುತ್ತಾರೆ.

ಇದಕ್ಕೆ ಮ್ಯೂಸಿಯಂ ಕಟ್ಟಬೇಕಾಗಿಲ್ಲ. ಹೊಸ ಲ್ಯಾಟರಲ್ ಅಗೆಯುವ ಮೊದಲು ಪುರಾತತ್ವ ಬಲ್ಲ ಒಬ್ಬರು ಆ ದಾರಿಯಲ್ಲಿ ನಡೆದು ನೋಡಲಿ. ಹಣಮಸಾಗರದ ರೈತನಿಗೆ ಆ ಕಲ್ಲು ಏನು ಅಂತ ಕನ್ನಡದಾಗ ಹೇಳಲಿ, ಅದನ್ನು ಉಳಿಸಿದರೆ ಅವನಿಗೆ ಆಗುವ ನಷ್ಟವನ್ನು ಸರ್ಕಾರ ತುಂಬಿಕೊಡಲಿ. ಶಾಲೆಯ ಮಾಸ್ತರರು ಮಕ್ಕಳಿಗೆ ಯಾದಗಿರಿ ಕೋಟೆ ತೋರಿಸಿದ ಹಾಗೆ ಇಸಾಂಪುರವನ್ನೂ ತೋರಿಸಲಿ, ಮನೆಯ ಮುದುಕಿ ಹತ್ತಿರ ಕೆನಾಲು ಅಗೆದ ಕತೆ ಕೇಳಿ ಬರೆದುಕೊಂಡು ಬಾ ಅಂತ ಹೋಂವರ್ಕ್ ಕೊಡಲಿ. ಮುಂದಿನ ಸಲ ಪರಂಪರೆ ಕಾರ್ಯಕ್ರಮಕ್ಕೆ ನನ್ನನ್ನು ಕರೆದರೆ ವೆಂಕಟಪ್ಪ ನಾಯಕರ ಚಿತ್ರಕ್ಕೆ ನಾನೂ ಹಾರ ಹಾಕ್ತೀನಿ. ಆಮೇಲೆ ಅಂಥ ಒಬ್ಬ ಮುದುಕಿಗೆ ಮೈಕ್ ಕೊಡ್ರಿ ಅಂತ ಕೇಳ್ತೀನಿ.