ಬ್ಲಾಕ್ ಮಾಡಿದರೆ ಮುಗಿಯಿತೇ?

ಮಾಸ್ಟೊಡಾನ್‌ನಂಥ ವಿಕೇಂದ್ರೀಕೃತ ಜಾಲತಾಣಗಳ ಪರವಾಗಿ ಮಾತಾಡುವವರು ಒಂದು ವಾದವನ್ನು ತಪ್ಪದೆ ಮುಂದಿಡುತ್ತಾರೆ. ಇಲ್ಲಿ ಮೇಲೆ ಕೂತು ಆಳುವ ಕಂಪನಿಯಿಲ್ಲ, ಬೇರೆ ಬೇರೆಯವರು ನಡೆಸುವ ಸರ್ವರುಗಳು ಒಂದಕ್ಕೊಂದು ಬೆಸೆದುಕೊಂಡಿವೆ. ಯಾರ ಮಾತು ಬೇಡವೋ ಅವರನ್ನು ನೀವೇ ಬ್ಲಾಕ್ ಮಾಡಿ. ಸರ್ವರ್ ಸರಿಬರದಿದ್ದರೆ ಇನ್ನೊಂದಕ್ಕೆ ಹೋಗಿ. ಅದೂ ಬೇಡವಾದರೆ ನಿಮ್ಮದೇ ಒಂದು ನಡೆಸಿ. ಸ್ವಾತಂತ್ರ್ಯದ ಮಾತಿನಂತೆ ಕೇಳಿಸುವ ಈ ವಾದ ನನ್ನ ದೃಷ್ಟಿಯಲ್ಲಿ ಅನ್ಯಾಯದ್ದು. ಕಿರುಕುಳ ತಡೆಯುವ ದುಡಿಮೆಯನ್ನೆಲ್ಲ ಕಿರುಕುಳ ಅನುಭವಿಸಿದವರ ತಲೆಗೇ ಅದು ಕಟ್ಟುತ್ತದೆ.

ಈ ವಾದ ನಮ್ಮಲ್ಲಿ ಗಟ್ಟಿಯಾಗಿ ಕೇಳಿದ್ದು 2019ರ ನವೆಂಬರ್‌ನಲ್ಲಿ. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾಗಿತ್ತು. 1936ರಲ್ಲಿ ಹ್ಯಾಂಬರ್ಗಿನ ಹಡಗುಕಟ್ಟೆಯಲ್ಲಿ ಸುತ್ತಲಿನವರೆಲ್ಲ ನಾಜಿ ವಂದನೆಗೆ ಕೈ ಎತ್ತಿದಾಗ ಒಬ್ಬ ಮಾತ್ರ ಕೈಕಟ್ಟಿ ನಿಂತ ಪ್ರಸಿದ್ಧ ಚಿತ್ರವನ್ನು ಅವರು ಹಾಕಿಕೊಂಡಿದ್ದರು. ದ್ವೇಷವನ್ನು ಧಿಕ್ಕರಿಸುವ ಚಿತ್ರವೇ ಕಂಪನಿಗೆ ದ್ವೇಷದ ಚಿತ್ರವಾಗಿ ಕಂಡಿತು. ದಲಿತ ಬರಹಗಾರರ ದನಿಯನ್ನು ಅದುಮಲಾಗುತ್ತಿದೆ ಎಂಬ ಸಿಟ್ಟೂ ಸೇರಿ ಭಾರತದಿಂದ ದೊಡ್ಡ ಗುಂಪೊಂದು ಮಾಸ್ಟೊಡಾನ್ ಕಡೆ ಹೊರಟಿತು. ಆ ಸಿಟ್ಟು ನ್ಯಾಯವಾದದ್ದು. ಆದರೆ ಅಲ್ಲಿ ಅವರ ಕೈಗೆ ಸಿಕ್ಕ ಸಾಧನಗಳು ಎರಡೇ ಅಳತೆಯವು. ಒಂದು, ಒಬ್ಬರು ಇನ್ನೊಬ್ಬರನ್ನು ಮ್ಯೂಟ್ ಅಥವಾ ಬ್ಲಾಕ್ ಮಾಡುವುದು. ಇನ್ನೊಂದು, ಅಡ್ಮಿನ್ ಆದವರು ಒಂದು ಖಾತೆಯನ್ನೋ ಇಡೀ ಪರಕೀಯ ಸರ್ವರನ್ನೋ ಮಿತಿಗೊಳಿಸುವುದು ಇಲ್ಲವೇ ಕಡಿದುಹಾಕುವುದು. ಒಬ್ಬ ವ್ಯಕ್ತಿಗೂ ಇಡೀ ಸರ್ವರಿಗೂ ನಡುವಿನ ಜಾಗ ಖಾಲಿ. ನನ್ನ ತಕರಾರು ಆ ಖಾಲಿ ಜಾಗದ ಬಗ್ಗೆ.

ಮೊದಲು ಬ್ಲಾಕ್ ಅನ್ನೇ ನೋಡೋಣ. ಅದು ಗುಟ್ಟಾಗಿ ನಡೆಯುವ ಕೆಲಸವೆಂದು ಬಹಳ ಮಂದಿ ನಂಬಿದ್ದಾರೆ. ಸರ್ವರುಗಳು ಪರಸ್ಪರ ಮಾತಾಡಿಕೊಳ್ಳಲು ಮಾಸ್ಟೊಡಾನ್ ಬಳಸುವ ಆಕ್ಟಿವಿಟಿಪಬ್ ಶಿಷ್ಟತೆ 2018ರ ಜನವರಿಯಲ್ಲಿ ಅಂಗೀಕಾರವಾದಾಗ, ಬ್ಲಾಕ್ ಆದವನಿಗೆ ಆ ಸುದ್ದಿಯನ್ನು ತಲುಪಿಸಬಾರದು ಎಂಬ ಸಲಹೆ ಅದರಲ್ಲೇ ಇತ್ತು. ಆದರೂ ಮಾಸ್ಟೊಡಾನ್ ಅದನ್ನು ಆಚೆಯ ಸರ್ವರಿಗೆ ಕಳಿಸುತ್ತದೆ. ಕಳಿಸದಿದ್ದರೆ ಆ ಸರ್ವರ್ ಬ್ಲಾಕನ್ನು ಪಾಲಿಸುವುದು ಹೇಗೆ? ಆಚೆಯ ಸರ್ವರ್ ಕಿರುಕುಳ ಕೊಡುವವನದ್ದೇ ಆಗಿದ್ದರೆ, ಯಾರು ತನ್ನನ್ನು ದೂರವಿಟ್ಟರು ಎಂಬುದು ಅವನಿಗೆ ಅಂಗೈ ಮೇಲೆ ಬಂದ ಹಾಗೆ. ಇಂಥದ್ದೇ ಇನ್ನೊಂದು ತಾಣವಾದ ಬ್ಲೂಸ್ಕೈಯಲ್ಲಿ ಬ್ಲಾಕ್‌ಗಳು ಸಾರ್ವಜನಿಕ ದಾಖಲೆಗಳು. ಸರ್ವರೇ ಇಲ್ಲದ ಸ್ಕಟಲ್‌ಬಟ್ ಎಂಬ ಜಾಲದಲ್ಲಿ ಪ್ರತಿಯೊಬ್ಬರ ಬರಹವೂ ಅಳಿಸಲಾಗದ ದಿನಚರಿಯಂತೆ ಬೆಳೆಯುತ್ತ ಹೋಗುತ್ತಿತ್ತು, ಬ್ಲಾಕ್ ಕೂಡ ಅದರಲ್ಲೇ ಎಲ್ಲರಿಗೂ ಕಾಣುವಂತೆ ದಾಖಲಾಗುತ್ತಿತ್ತು. ಕೇಂದ್ರವಿಲ್ಲದ ಜಾಲದಲ್ಲಿ ನಿರಾಕರಣೆಯೂ ಆಚೆಯವರಿಗೆ ತಿಳಿಸಬೇಕಾದ ಸಂದೇಶವಾಗುತ್ತದೆ. ಇದು ಕಟ್ಟಿದವರ ಅಜಾಗರೂಕತೆಯಲ್ಲ, ಆ ರಚನೆಗೇ ಅಂಟಿಬಂದ ತೊಡಕು. ಬ್ಲಾಕ್ ಬಟನ್ನನ್ನೇ ಸರ್ವರೋಗದ ಮದ್ದೆಂದು ಹೊಗಳುವವರು ಈ ತೊಡಕನ್ನು ಹೇಳುವುದೇ ಇಲ್ಲ.

ಗುಟ್ಟು ಉಳಿಯಿತೆಂದೇ ಇಟ್ಟುಕೊಳ್ಳಿ. ಒಬ್ಬ ಹೆಣ್ಣುಮಗಳು ತನ್ನನ್ನು ಬೆನ್ನಟ್ಟುವವನನ್ನು ಬ್ಲಾಕ್ ಮಾಡುತ್ತಾಳೆ. ಅವನು ಅವಳಿಗೆ ಕಾಣುವುದಿಲ್ಲ, ಅಷ್ಟೇ. ಅವಳ ಗೆಳತಿಯರ ಬರಹಗಳ ಕೆಳಗೆ ಅವನು ಅವಳ ಬಗ್ಗೆ ಬರೆಯುತ್ತಲೇ ಇರುತ್ತಾನೆ, ಬರೆದದ್ದು ಗೊತ್ತಾಗದವಳು ಅವಳೊಬ್ಬಳೇ. ಮರುದಿನ ಇನ್ನೊಂದು ಸರ್ವರಿನಲ್ಲಿ ಹೊಸ ಖಾತೆ. ಅವಳ ಗೆಳತಿಯರು ಒಬ್ಬೊಬ್ಬರಾಗಿ ಅವನನ್ನು ಕಂಡುಹಿಡಿದು, ಒಬ್ಬೊಬ್ಬರಾಗಿ ಅದೇ ಕೆಲಸ ಮಾಡಬೇಕು. ಒಬ್ಬಳು ಕಲಿತದ್ದು ಇನ್ನೊಬ್ಬಳಿಗೆ ದಕ್ಕುವುದಿಲ್ಲ.

ರಿಪೋರ್ಟ್ ಮಾಡಬಹುದಲ್ಲ ಎನ್ನುತ್ತೀರಿ. 2018ರ ಆಗಸ್ಟ್‌ನಲ್ಲಿ ಅಮೆರಿಕದ ನಟ ವಿಲ್ ವೀಟನ್ ಮಾಸ್ಟೊಡಾನಿನ ಒಂದು ಸರ್ವರಿಗೆ ಬಂದಾಗ, ಅವರ ಮೇಲೆ ಹಳೆಯ ಅಸಮಾಧಾನವಿದ್ದವರು ರಿಪೋರ್ಟ್‌ಗಳ ಮಳೆ ಸುರಿಸಿದರು. ಸರ್ವರ್ ನೋಡಿಕೊಳ್ಳುತ್ತಿದ್ದ ಅಡ್ಮಿನ್‌ಗೆ ಅವನ್ನು ಬಿಡಿಸಿ ನೋಡಲಾಗಲಿಲ್ಲ. ವೀಟನ್ ಹೊರನಡೆಯಬೇಕಾಯಿತು. ಅವರ ಹಿಂದಿನ ನಡೆ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ದೂರು ಕೊಡುವ ಬಟನ್ನೇ ದಾಳಿಯ ಆಯುಧವಾಗಬಲ್ಲದು ಎಂಬುದು ಅಂದೇ ಸ್ಪಷ್ಟವಾಗಿತ್ತು.

ಸರ್ವರ್ ಮಟ್ಟದ ಸಾಧನದ ಸಮರ್ಥಕರು ಗ್ಯಾಬ್ ಉದಾಹರಣೆ ಕೊಡುತ್ತಾರೆ. ದ್ವೇಷಭಾಷಣಕ್ಕೆ ಹೆಸರಾದ ಆ ತಾಣ 2019ರ ಜುಲೈನಲ್ಲಿ ಮಾಸ್ಟೊಡಾನ್ ತಂತ್ರಾಂಶಕ್ಕೇ ವಲಸೆ ಬಂದಾಗ, ನೂರಾರು ಸಣ್ಣ ಸರ್ವರುಗಳು ತಾವಾಗಿಯೇ ಅದನ್ನು ಹೊರಗಿಟ್ಟವು. ಅದು ಈ ಜಾಲದ ಹೆಮ್ಮೆಯ ಗಳಿಗೆ, ನಾನೂ ಹೆಮ್ಮೆಪಡುತ್ತೇನೆ. ಆದರೆ ಗ್ಯಾಬ್‌ನ ಉದ್ದೇಶವೇ ಬಯಲಲ್ಲಿತ್ತು, ಎಲ್ಲ ಸರ್ವರುಗಳೂ ಹಾಗಿರುವುದಿಲ್ಲ. 2022ರ ನವೆಂಬರ್‌ನಲ್ಲಿ ಪತ್ರಕರ್ತರಿಗಾಗಿ ನಡೆಯುತ್ತಿದ್ದ ಜರ್ನಾ.ಹೋಸ್ಟ್ ಎಂಬ ಸರ್ವರನ್ನು ಹಲವರು ಬ್ಲಾಕ್ ಮಾಡಿದಾಗ, ಕೆಲವರ ಬರಹಕ್ಕಾಗಿ ಅಲ್ಲಿದ್ದ ಎಲ್ಲ ಪತ್ರಕರ್ತರೂ ಬೆಲೆ ತೆತ್ತರು. ಇನ್ನೂ ನೋವಿನ ಸಂಗತಿಯಿದೆ. ಅಡ್ಮಿನ್ ಒಂದು ಸರ್ವರನ್ನು ಕಡಿದುಹಾಕಿದಾಗ ಸದಸ್ಯರ ಸ್ನೇಹಸಂಬಂಧಗಳೂ ಸದ್ದಿಲ್ಲದೆ ಕಡಿದುಹೋಗುತ್ತಿದ್ದವು. ಹಾಗೆ ಕಡಿದುಹೋದದ್ದನ್ನು ಸದಸ್ಯರಿಗೆ ತಿಳಿಸುವ ವ್ಯವಸ್ಥೆ ಬಂದದ್ದು 2024ರ ಅಕ್ಟೋಬರ್‌ನ 4.3ನೇ ಆವೃತ್ತಿಯಲ್ಲಿ. 2016ರಲ್ಲಿ ಹುಟ್ಟಿದ ಜಾಲಕ್ಕೆ ಅಷ್ಟು ವರ್ಷ ಬೇಕಾಯಿತು!

ಕನ್ನಡದಲ್ಲಿ ಬರೆಯುವವರಿಗೆ ಈ ಖಾಲಿ ಜಾಗ ಇನ್ನೂ ದೊಡ್ಡದು. ಕನ್ನಡಿಗರು ಒಂದೇ ಸರ್ವರಿನಲ್ಲಿಲ್ಲ. ಬೆಂಗಳೂರಿನವರೊಬ್ಬರ ಖಾತೆ ಜರ್ಮನಿಯಿಂದ ನಡೆಯುವ ಸರ್ವರಿನಲ್ಲಿರಬಹುದು, ನ್ಯೂಜೆರ್ಸಿಯವರದ್ದು ಅಮೆರಿಕದ ಸರ್ವರಿನಲ್ಲಿ. ಜಾತಿ ಹಿಡಿದು ಬೈದ ಕನ್ನಡದ ಸಾಲೊಂದನ್ನು ರಿಪೋರ್ಟ್ ಮಾಡಿದರೆ, ಅದು ತಲುಪುವುದು ಆ ಲಿಪಿಯನ್ನೇ ಓದಲಾರದ ಒಬ್ಬ ಅಡ್ಮಿನ್ ಬಳಿಗೆ. ಯಂತ್ರಾನುವಾದಕ್ಕೆ ಹಾಕಿದರೆ ಬೈಗುಳದ ವಿಷ ಸೋರಿಹೋಗಿ ಬರೀ ಕಸುಬಿನ ಹೆಸರು ಉಳಿಯಬಹುದು. ಪದ ಸೋಸುವ ಫಿಲ್ಟರ್ ಇದೆಯಲ್ಲ ಎಂದರೆ, ಇಡೀ ಪದ ಹೊಂದಿದಾಗಷ್ಟೇ ತಡೆಯುವ ಆಯ್ಕೆ ನಮ್ಮ ವಿಭಕ್ತಿ ಪ್ರತ್ಯಯಗಳ ಮುಂದೆ ಸೋಲುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸಿದ ಕನ್ನಡಕ್ಕಂತೂ ನಿಂತ ಕಾಗುಣಿತವೇ ಇಲ್ಲ. ಈ ಸಾಲುಗಳನ್ನು ಅಳೆಯಬಲ್ಲವರು ಬೇರೆ ಬೇರೆ ಸರ್ವರುಗಳಲ್ಲಿ ಚದುರಿರುವ ಕನ್ನಡದ ಓದುಗರೇ. ಅವರು ಕೂಡಿ ತೀರ್ಮಾನಿಸಲು ಒಂದು ದಾರಿಯಿಲ್ಲ. ಭಾಷೆಯ ಸಮುದಾಯ ಸರ್ವರಿನ ಗಡಿಯನ್ನು ದಾಟಿ ಹಬ್ಬಿದೆ. ಸಾಧನಗಳು ಮಾತ್ರ ಗಡಿಯೊಳಗೇ ನಿಂತಿವೆ.

ಹಾಗಾದರೆ ಬೇಕಾದ್ದು ಹತ್ತು-ಹದಿನೈದು ಮಂದಿ ಪರಸ್ಪರ ನಂಬಿ ಹಂಚಿಕೊಳ್ಳುವ ತೀರ್ಮಾನ. ಟ್ವಿಟರಿನ ಕಾಲದಲ್ಲಿ ಬ್ಲಾಕ್ ಟುಗೆದರ್ ಎಂಬ ಸೌಲಭ್ಯ ಬ್ಲಾಕ್ ಪಟ್ಟಿಗಳನ್ನು ಹಂಚಿತ್ತು. ಅದರ ದೋಷವೂ ಪಾಠವೂ ಒಂದೇ: ಹೆಸರು ಹರಿದಾಡಿತು, ಕಾರಣ ಅದರ ಜೊತೆ ಹೋಗಲಿಲ್ಲ. ಯಾರೋ ಸಿಟ್ಟಿನಲ್ಲಿ ಸೇರಿಸಿದ ಹೆಸರು ಪಟ್ಟಿಯಿಂದ ಪಟ್ಟಿಗೆ ಜಿಗಿದು ಸಾವಿರ ಬಾಗಿಲು ಮುಚ್ಚಬಹುದಿತ್ತು. ಆದ್ದರಿಂದ ಹಂಚಿಕೊಳ್ಳುವ ಪ್ರತಿ ತೀರ್ಮಾನದ ಜೊತೆ ಕಾರಣ ಇರಬೇಕು, ಆಧಾರವಾದ ಬರಹದ ಕೊಂಡಿ ಇರಬೇಕು, ಅವಧಿ ಮುಗಿಯುವ ದಿನಾಂಕ ಇರಬೇಕು. ಹೆಸರಿಸಲ್ಪಟ್ಟವರು ಮರುಪರಿಶೀಲನೆ ಕೇಳಲು ಒಂದು ಬಾಗಿಲು ಇರಬೇಕು. ಬೇಡವೆನಿಸಿದ ಸದಸ್ಯರು ಯಾವಾಗ ಬೇಕಾದರೂ ಆ ಗುಂಪಿನ ತೀರ್ಮಾನದಿಂದ ಹೊರಬರುವಂತಿರಬೇಕು. ಗುಂಪು ಗುಂಪುಗಾರಿಕೆಯಾಗುತ್ತದೆ, ಬಹಿಷ್ಕಾರಕ್ಕೆ ಇಳಿಯುತ್ತದೆ ಎಂಬ ಭಯ ನಿಜವಾದದ್ದು. ಬಹಿಷ್ಕಾರದ ಕ್ರೌರ್ಯ ಕಾರಣ ಹೇಳದೆ, ಕೊನೆಯಿಲ್ಲದೆ, ಕೇಳುವವರಿಲ್ಲದೆ ನಡೆಯುವುದರಲ್ಲಿದೆ. ಈ ಷರತ್ತುಗಳು ತಡೆಯಹೊರಟಿರುವುದು ಅದನ್ನೇ.

ಸುಮ್ಮನಿರುವುದಕ್ಕೂ ಕಡಿದುಹಾಕುವುದಕ್ಕೂ ನಡುವಿನ ಇಂಥ ದಾರಿಗಳು ಹೊಸವಲ್ಲ. ಸಾಮೂಹಿಕ ಸಂಪನ್ಮೂಲಗಳ ಅಧ್ಯಯನಕ್ಕಾಗಿ 2009ರಲ್ಲಿ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್, ಸ್ಪೇನಿನ ವೇಲೆನ್ಸಿಯಾದ ನೀರಾವರಿ ಕಾಲುವೆಗಳೂ ಸೇರಿದಂತೆ ಬಾಳಿ ಬಂದ ವ್ಯವಸ್ಥೆಗಳಲ್ಲಿ ಕಂಡದ್ದು ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಕ್ಷೆಯನ್ನು, ಕಡಿಮೆ ಖರ್ಚಿನಲ್ಲಿ ಹತ್ತಿರದಲ್ಲೇ ಸಿಗುವ ಜಗಳಬಿಡಿಸುವಿಕೆಯನ್ನು. ನಮ್ಮ ಕೆರೆಗಳ ನೀರುಗಂಟಿಯ ಕೆಲಸವೂ ಅಂಥದ್ದೇ: ತೂಬು ತೆರೆಯುವುದು, ಮುಚ್ಚುವುದು ಇವೆರಡರ ನಡುವೆ ಯಾರ ಗದ್ದೆಗೆ ಎಷ್ಟು ಹೊತ್ತು ಎಂಬ ಲೆಕ್ಕವೇ ಅವನ ದುಡಿಮೆ.

ಜಾಲ ಸಣ್ಣದಾದರೆ ನಂಬಿಕೆಯೇ ಸಾಕು, ಸಾಧನ ಬೇಡ ಎನ್ನುವ ಇನ್ನೊಂದು ಮಾತಿದೆ. ಐವತ್ತು-ನೂರು ಜನರ ಸರ್ವರುಗಳೇ ಸರಿ ಎಂದು 2019ರಲ್ಲಿ ವಾದಿಸಿದ ಡೇರಿಯಸ್ ಕಝೆಮಿ ಕೂಡ ಹಾಗೆ ಹೇಳಲಿಲ್ಲ. ತಮ್ಮವರಿಗಾಗಿ ಮಾಸ್ಟೊಡಾನನ್ನೇ ತಿದ್ದಿ, ಸರ್ವರಿನಾಚೆ ಹೋಗದ ಬರಹಗಳಿಗೆ ಅವಕಾಶ ಮಾಡಿದ ಹೋಮ್‌ಟೌನ್ ಎಂಬ ಆವೃತ್ತಿ ಕಟ್ಟಿದರು. ಸಣ್ಣದರ ಅಪಾಯವೂ ಬೇರೆಯದೇ. 2024ರ ಫೆಬ್ರುವರಿಯಲ್ಲಿ ಸ್ಪ್ಯಾಮ್ ಹಾವಳಿ ಎದ್ದಾಗ ದಾಳಿಗೆ ಮೆಟ್ಟಿಲಾದದ್ದು ನೋಂದಣಿಯ ಬಾಗಿಲು ತೆರೆದೇ ಇದ್ದ, ನೋಡುವವರಿಲ್ಲದ ಸಣ್ಣ ಸರ್ವರುಗಳು. ಆಗ ಬಂದ ತಿದ್ದುಪಡಿ ನನಗೆ ಬಹಳ ಮೆಚ್ಚುಗೆಯಾಗಿದೆ: ಸುಮಾರು ಒಂದು ವಾರ ಯಾವ ಮಾಡರೇಟರೂ ಸುಳಿಯದಿದ್ದರೆ ಸರ್ವರ್ ತಾನಾಗಿ ನೋಂದಣಿಯನ್ನು ಒಪ್ಪಿಗೆಯ ಪದ್ಧತಿಗೆ ಬದಲಿಸಿಕೊಳ್ಳುತ್ತದೆ. ನೋಡಿಕೊಳ್ಳುವವರೂ ಮನುಷ್ಯರು, ಅವರು ದಣಿಯುತ್ತಾರೆ ಎಂದು ಒಪ್ಪಿಕೊಂಡ ವಿನ್ಯಾಸ ಅದು.

ನಡುವಿನ ಜಾಗವನ್ನು ತುಂಬಲು ಎಲ್ಲವನ್ನೂ ಹೊಸದಾಗಿ ಕಟ್ಟಬೇಕಿಲ್ಲ. ಇನ್ನೊಬ್ಬರ ಪ್ರೊಫೈಲ್ ಮೇಲೆ ಖಾಸಗಿ ಟಿಪ್ಪಣಿ ಬರೆದಿಟ್ಟುಕೊಳ್ಳುವ ಸೌಲಭ್ಯ ಮಾಸ್ಟೊಡಾನ್‌ಗೆ 2020ರಲ್ಲೇ ಬಂದಿದೆ. ಇಂದು ಅದು ಬರೆದವರಿಗೆ ಮಾತ್ರ ಕಾಣುತ್ತದೆ. ಬರೆದವರು ಆರಿಸಿದ ಕೆಲವೇ ಮಂದಿಗೆ, ಅವರು ಯಾವ ಸರ್ವರಿನಲ್ಲೇ ಇರಲಿ, ದಿನಾಂಕದ ಸಮೇತ ಆ ಟಿಪ್ಪಣಿ ಕಾಣುವಂತೆ ಮಾಡಿದರೆ, ಒಬ್ಬಳು ಗೆಳತಿ ಕಲಿತದ್ದು ಮಿಕ್ಕವರಿಗೆ ಅದೇ ದಿನ ತಲುಪುತ್ತದೆ. ತಂತ್ರಾಂಶ ಕಟ್ಟುವವರು ಮೊದಲು ಕೈಹಾಕಬೇಕಾದದ್ದು ಅದಕ್ಕೆ.