ಗಿರಿಬಾಲೆಯವರ ಸಂಪಾದಕತ್ವ

‘ಗಿರಿಬಾಲೆ’ ಎಂಬ ಕಾವ್ಯನಾಮದಿಂದ ಕತೆಗಳನ್ನು ಬರೆದ ಸರಸ್ವತಿಬಾಯಿ ರಾಜವಾಡೆಯವರ (1913–1994) ಹೆಸರು ಕರಾವಳಿಯ ವಾಚಕರಿಗೆ ಅಪರಿಚಿತವಲ್ಲ. ಅವರ ಜೀವನವೃತ್ತಾಂತವು ಕುಂದಾಪುರದವರೇ ಆದ ವೈದೇಹಿಯವರ ಲೇಖನಿಯಿಂದ ಗ್ರಂಥರೂಪವಾಗಿ ಹೊರಬಂದಿರುವುದು ಈ ಸೀಮೆಯ ಭಾಗ್ಯವೇ ಸರಿ. ಆದರೆ ವಿಮರ್ಶಕರು ಅವರನ್ನು ಕತೆಗಾರ್ತಿಯೆಂದು ಸ್ಮರಿಸುವಷ್ಟು ಸಂಪಾದಕಿಯೆಂದು ಸ್ಮರಿಸುವುದಿಲ್ಲ. 1950ರ ದಶಕದಲ್ಲಿ ಅವರು ಉಡುಪಿಯಿಂದ ‘ಸುಪ್ರಭಾತ’ವೆಂಬ ಪತ್ರಿಕೆಯನ್ನು ನಡೆಯಿಸಿದರು. ತಿರುಮಲಾಂಬಾ ಅವರ ‘ಕರ್ನಾಟಕ ನಂದಿನಿ’ಯೂ ಕಲ್ಯಾಣಮ್ಮನವರ ‘ಸರಸ್ವತಿ’ಯೂ ಮೈಸೂರು ಸೀಮೆಯಲ್ಲಿ ಈ ದಾರಿಯನ್ನು ಮೊದಲೇ ತೆರೆದಿದ್ದುವು, ಅದರಿಂದ ನಡೆಯುವವರ ಕಷ್ಟವೇನೂ ಕಡಮೆಯಾಗಲಿಲ್ಲ.

ಕತೆಗೂ ಪತ್ರಿಕೆಗೂ ಒಂದು ಭೇದವುಂಟು. ಕತೆ ಬರೆದವಳು ಅದನ್ನು ಅನ್ಯರ ತೀರ್ಪಿಗೆ ಒಪ್ಪಿಸುತ್ತಾಳೆ. ಕಾವ್ಯನಾಮದ ಮರೆಯೂ ಅವಳಿಗುಂಟು. ಸಂಪಾದಕಿಗೆ ಆ ಮರೆಯಿಲ್ಲ. ಯಾವ ಲೇಖನ ಗ್ರಾಹ್ಯ, ಯಾವುದು ತ್ಯಾಜ್ಯ ಎಂಬ ತೀರ್ಪು ಅವಳದೇ. ಮುದ್ರಣಾಲಯದ ಲೆಕ್ಕ, ಚಂದಾದಾರರ ಬಾಕಿ, ಓದುಗರ ಆಕ್ಷೇಪ ಇವೆಲ್ಲಕ್ಕೂ ಸ್ವಂತ ಹೆಸರಿನಿಂದ ಉತ್ತರವಾದಿಯಾಗಬೇಕು. ಆದುದರಿಂದ ‘ಸುಪ್ರಭಾತ’ದ ಗುಣದೋಷಗಳನ್ನು ನೋಡದೆ ಗಿರಿಬಾಲೆಯವರ ಸಾಹಿತ್ಯಸೇವೆಗೆ ಬೆಲೆ ಕಟ್ಟುವುದು ಅರ್ಧ ವಿಮರ್ಶೆ.

ಕತೆಯು ಸಂಕಲನದಲ್ಲಿ ಉಳಿಯುತ್ತದೆ. ಪತ್ರಿಕೆಯ ಸಂಚಿಕೆ ರದ್ದಿಯಾಗುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಹಳೆಯ ಮನೆಗಳ ಅಟ್ಟದಲ್ಲಿ ಅದರ ಸಂಚಿಕೆಗಳೇನಾದರೂ ಇದ್ದರೆ, ಒರಲೆ ಹಿಡಿಯುವ ಮುನ್ನ ಅವನ್ನು ಕೆಳಗಿಳಿಸುವುದು ವಾಚಕರ ಕರ್ತವ್ಯ. ವಿಮರ್ಶಕನ ಕೆಲಸವು ಆ ಮೇಲಿನದು.